ಕಲ್ಲಾದ ಎಲುಬು, ಕಳೆದ ಎಲುಬು

ಕಲ್ಲು ಮಾತನಾಡುತ್ತದೆ ಎಂದರೆ ಕನ್ನಡಿಗರು ಅಚ್ಚರಿಪಡುವುದಿಲ್ಲ. ಊರ ಬಾಗಿಲಲ್ಲಿ, ಗುಡಿಯ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ ನಿಂತ ಶಾಸನಗಳು ಮಾತನಾಡಿದ್ದರಿಂದಲೇ ನಮ್ಮ ನುಡಿಯ ಮತ್ತು ನಾಡಿನ ಚರಿತ್ರೆಯ ಬಹುಭಾಗ ನಮಗೆ ದಕ್ಕಿದೆ. ಆದರೆ ಶಾಸನಗಳಿಗಿಂತ ಬಹಳ ಹಿಂದಿನ, ಯಾವ ರೂವಾರಿಯ ಉಳಿಯೂ ಮುಟ್ಟದ ಇನ್ನೊಂದು ಬಗೆಯ ಬರಹ ಭೂಮಿಯೊಳಗಿದೆ. ಕೋಟ್ಯಂತರ ವರ್ಷಗಳ ಹಿಂದೆ ಬಾಳಿ ಅಳಿದ ಕಪ್ಪೆ, ಆಮೆ, ಹಾವು, ಮೊಸಳೆಗಳ ಮತ್ತು ಅವುಗಳ ದೂರದ ಬಂಧುಗಳ ಎಲುಬುಗಳು ಕಲ್ಲಾಗಿ, ಪದರಪದರವಾದ ಬಂಡೆಗಳಲ್ಲಿ ಹುದುಗಿವೆ. ಇವನ್ನೇ ಪಳೆಯುಳಿಕೆಗಳೆಂದು ಕರೆಯುತ್ತೇವೆ. ಭಾರತದಲ್ಲಿ ಭಾರಿ ಸರೀಸೃಪದ ಎಲುಬು ಮೊದಲು ಬೆಳಕಿಗೆ ಬಂದು ಇನ್ನೇನು ಎರಡು ನೂರು ವರ್ಷ ತುಂಬುತ್ತಿದೆ. ಈ ಅವಧಿಯಲ್ಲಿ ಎಷ್ಟು ಎಲುಬು ಸಿಕ್ಕಿತು ಎಂಬುದು ಒಂದು ಕಥೆ. ಸಿಕ್ಕಿದ್ದರಲ್ಲಿ ಎಷ್ಟನ್ನು ಕಾಪಾಡಿಕೊಂಡೆವು ಎಂಬುದು ಇನ್ನೊಂದು ಕಥೆ. ಎರಡನೆಯದನ್ನು ಹೇಳದೆ ಮೊದಲನೆಯದು ಪೂರ್ತಿಯಾಗುವುದಿಲ್ಲ.

ಕಥೆಗೆ ಹೋಗುವ ಮೊದಲು ಒಂದೆರಡು ಮಾತನ್ನು ತಿಳಿಯಾಗಿ ಹೇಳಿಬಿಡಬೇಕು. ನೀರಿನಲ್ಲಿ ಹುಟ್ಟಿ ಬೆಳೆದು ಆಮೇಲೆ ನೆಲದಲ್ಲಿಯೂ ಬಾಳಬಲ್ಲ ಕಪ್ಪೆಯಂಥ ಪ್ರಾಣಿಗಳು ಉಭಯಚರಗಳು. ಮೊಟ್ಟೆಗೆ ಚಿಪ್ಪಿನ ರಕ್ಷೆಯನ್ನೂ ಮೈಗೆ ಹುರುಪೆಯ ಹೊದಿಕೆಯನ್ನೂ ಪಡೆದು ನೀರಿನ ಹಂಗನ್ನು ತೊರೆದ ಹಲ್ಲಿ, ಹಾವು, ಆಮೆ, ಮೊಸಳೆಗಳು ಸರೀಸೃಪಗಳು. ಸತ್ತ ಪ್ರಾಣಿಯ ಮಾಂಸ ಕೊಳೆತು ಹೋಗುತ್ತದೆ, ಎಲುಬನ್ನು ನರಿ ನಾಯಿಗಳು ಎಳೆದು ಚೆಲ್ಲುತ್ತವೆ, ಉಳಿದದ್ದನ್ನು ಮಳೆ ಬಿಸಿಲು ಪುಡಿ ಮಾಡುತ್ತವೆ. ಎಲ್ಲಿಯೋ ಒಂದು ದೇಹ ನದಿಯ ಹೂಳಿನಲ್ಲಿ ಬೇಗನೆ ಮುಚ್ಚಿಹೋದರೆ, ನೀರಿನಲ್ಲಿ ಕರಗಿದ ಖನಿಜಗಳು ಎಲುಬಿನ ಸಣ್ಣ ಸಣ್ಣ ರಂಧ್ರಗಳಲ್ಲಿ ತುಂಬಿಕೊಂಡು, ಕಾಲಾಂತರದಲ್ಲಿ ಎಲುಬು ಕಲ್ಲಾಗುತ್ತದೆ. ಇದು ಬಹು ವಿರಳವಾಗಿ ನಡೆಯುವ ಸಂಗತಿ. ಆದ್ದರಿಂದ ಸಿಕ್ಕ ಒಂದೊಂದು ಎಲುಬೂ ಅಮೂಲ್ಯ.

ನಮ್ಮ ಕಥೆ ಮೊದಲಾಗುವುದು ಜಬಲ್ಪುರದಲ್ಲಿ, 1828ರಲ್ಲಿ. ಬಂಗಾಳದ ಸೈನ್ಯದ ಅಧಿಕಾರಿ ವಿಲಿಯಂ ಹೆನ್ರಿ ಸ್ಲೀಮನ್ ಆಗ ಅಲ್ಲಿದ್ದರು. ಮುಂದೆ ಠಕ್ಕರನ್ನು ಅಡಗಿಸಿದವರೆಂದು ಹೆಸರಾದವರು ಇವರೇ. ಊರಿನ ಬಳಿಯ ಬಡಾ ಸಿಮ್ಲಾ ಎಂಬ ಗುಡ್ಡದಲ್ಲಿ ಕಲ್ಲಾದ ಮರದ ತುಂಡುಗಳನ್ನು ಅಗೆಸುತ್ತಿದ್ದಾಗ ಅವರಿಗೆ ಕಲ್ಲಾದ ಬೆನ್ನುಮೂಳೆಯ ಮಣಿಗಳು ದೊರೆತವು. ಅವು ಯಾವ ಪ್ರಾಣಿಯವು ಎಂದು ಹೇಳಬಲ್ಲವರು ಆಗ ಲೋಕದಲ್ಲಿಯೇ ಇರಲಿಲ್ಲವೆನ್ನಬೇಕು. ಇಂಗ್ಲೆಂಡಿನಲ್ಲಿ ಬಕ್‌ಲ್ಯಾಂಡ್ ಎಂಬ ಪಾದ್ರಿ ಪಂಡಿತರು 1824ರಲ್ಲಿ ಮೆಗಲೊಸಾರಸ್ ಎಂದೂ, ಮ್ಯಾಂಟೆಲ್ ಎಂಬ ವೈದ್ಯರು 1825ರಲ್ಲಿ ಇಗ್ವಾನೊಡಾನ್ ಎಂದೂ ಎರಡು ದೈತ್ಯ ಸರೀಸೃಪಗಳಿಗೆ ಹೆಸರಿಟ್ಟಿದ್ದರು, ಅಷ್ಟೆ. ಇಂಥವನ್ನೆಲ್ಲ ಒಂದು ವರ್ಗಕ್ಕೆ ಸೇರಿಸಿ, ‘ಭಯಂಕರವಾದ ಹಲ್ಲಿ’ ಎಂಬ ಅರ್ಥದ ಗ್ರೀಕ್ ಮಾತುಗಳಿಂದ ಡೈನೊಸಾರ್ ಎಂಬ ಶಬ್ದವನ್ನು ರಿಚರ್ಡ್ ಓವನ್ ಟಂಕಿಸಿದ್ದು 1842ರಲ್ಲಿ. ಎಂದರೆ, ಡೈನೊಸಾರ್ ಎಂಬ ಶಬ್ದ ಹುಟ್ಟುವುದಕ್ಕೆ ಹದಿನಾಲ್ಕು ವರ್ಷ ಮೊದಲೇ ಡೈನೊಸಾರಿನ ಎಲುಬು ನರ್ಮದೆಯ ಸೀಮೆಯಲ್ಲಿ ಸಿಕ್ಕಿತ್ತು.

ಸ್ಲೀಮನ್ ಎರಡು ಮಣಿಗಳನ್ನು ಸ್ಪಿಲ್ಸ್‌ಬರಿ ಎಂಬ ಶಸ್ತ್ರವೈದ್ಯರಿಗೆ ಕೊಟ್ಟರು. ಸ್ಪಿಲ್ಸ್‌ಬರಿ 1832ರಲ್ಲಿ ಅವನ್ನು ಕಲ್ಕತ್ತೆಗೆ ಜೇಮ್ಸ್ ಪ್ರಿನ್ಸೆಪ್ ಅವರಲ್ಲಿಗೆ ಕಳುಹಿಸಿದರು. ಪ್ರಿನ್ಸೆಪ್ ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹಪರೀಕ್ಷಕರು. ಏಷ್ಯಾಟಿಕ್ ಸೊಸೈಟಿಯ ಕಾರ್ಯದರ್ಶಿಗಳೂ ಹೌದು. ಅವು ಕಲ್ಲಾದ ಎಲುಬುಗಳೇ ಎಂದು ಅವರು ಗುರುತಿಸಿದರು. ಐದು ವರ್ಷದ ಮೇಲೆ, 1837ರಲ್ಲಿ, ಅಶೋಕನ ಬ್ರಾಹ್ಮೀ ಲಿಪಿಯನ್ನು ಬಿಡಿಸಿ ಓದಿದ ಪ್ರಿನ್ಸೆಪ್ ಇವರೇ. ದೇವಾನಾಂಪ್ರಿಯನೆಂಬ ಅರಸನ ಮಾತನ್ನು ಅವರು ಓದಿಕೊಟ್ಟರು. ಆ ಅರಸನ ಹೆಸರು ಅಶೋಕನೆಂಬುದನ್ನು 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆ ಸ್ಪಷ್ಟಪಡಿಸಿತು. ಕಲ್ಲಿನ ಅಕ್ಷರಕ್ಕೂ ಕಲ್ಲಾದ ಎಲುಬಿಗೂ ಒಬ್ಬರೇ ಓದುಗರು ದೊರೆತದ್ದು ಬರಿಯ ಆಕಸ್ಮಿಕವಲ್ಲ. ಆ ಕಾಲದಲ್ಲಿ ನಾಣ್ಯ, ಶಾಸನ, ಎಲುಬು, ಉಲ್ಕೆ, ಓಲೆ ಎಲ್ಲವೂ ಒಂದೇ ಸೊಸೈಟಿಯ ಬಾಗಿಲಿಗೆ ಬರುತ್ತಿದ್ದವು. ವಿದ್ಯೆಯ ನಡುವೆ ಇಂದಿನ ಗೋಡೆಗಳು ಎದ್ದಿರಲಿಲ್ಲ.

ಅದೇ ವರ್ಷಗಳಲ್ಲಿ ಹಿಮಾಲಯದ ತಪ್ಪಲಿನ ಶಿವಾಲಿಕ ಬೆಟ್ಟಗಳಲ್ಲಿ ಹ್ಯೂ ಫಾಲ್ಕನರ್ ಎಂಬ ವೈದ್ಯರೂ ಕಾಲುವೆಗಳ ಎಂಜಿನಿಯರ್ ಪ್ರೊಬಿ ಕಾಟ್ಲೆಯವರೂ ರಾಶಿ ರಾಶಿ ಪಳೆಯುಳಿಕೆಗಳನ್ನು ಕೂಡಿಹಾಕಿದರು. ಅವುಗಳಲ್ಲಿ ಒಂದು ಭಾರಿ ಆಮೆ ಇತ್ತು. ಅದರ ಚಿಪ್ಪು 12 ಅಡಿಯಷ್ಟು ಉದ್ದವಿದ್ದಿರಬೇಕೆಂದು ಅವರು ಲೆಕ್ಕ ಹಾಕಿದರು. ಮುಂದಿನ ಪಂಡಿತರು ಅದನ್ನು ಸುಮಾರು 2 ಮೀಟರಿಗೆ ಇಳಿಸಿದರು. ಇಳಿಸಿದ ಮೇಲೂ ಇಂದಿನ ಯಾವ ನೆಲದಾಮೆಗಿಂತಲೂ ಅದು ದೊಡ್ಡದೇ. ನೆಲವನ್ನು ಬೆನ್ನ ಮೇಲೆ ಹೊತ್ತ ಆಮೆಯ ಪುರಾಣಕಥೆಯನ್ನು ಕೇಳಿದ್ದ ಫಾಲ್ಕನರ್, ಇಂಥ ಪ್ರಾಣಿಯನ್ನು ಮನುಷ್ಯರು ಕಣ್ಣಾರೆ ಕಂಡಿದ್ದರೋ ಏನೋ ಎಂದು ತರ್ಕಿಸಿದರು. ಆ ತರ್ಕ ನಿಲ್ಲಲಿಲ್ಲ. ಆದರೆ ನಮ್ಮ ಪುರಾಣವನ್ನು ಬದಿಗಿಟ್ಟು ಎಲುಬನ್ನು ಓದಲು ಅವರು ಒಪ್ಪಲಿಲ್ಲವೆಂಬುದು ನೆನೆಯಬೇಕಾದ ಮಾತು.

ಜಬಲ್ಪುರದ ಮಣಿಗಳನ್ನು 1862ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಥಾಮಸ್ ಓಲ್ಡ್‌ಹ್ಯಾಮ್ ಕಲ್ಕತ್ತೆಗೆ ತರಿಸಿದರು. ಅವು ಸರೀಸೃಪದವೆಂದು ಗುರುತಿಸಿದವರು ಈ ಫಾಲ್ಕನರ್ ಅವರೇ. 1865ರಲ್ಲಿ ಅವರು ತೀರಿಕೊಂಡರು. ಅವರ ಟಿಪ್ಪಣಿ ಮೂರು ವರ್ಷದ ಮೇಲೆ ಅಚ್ಚಾಯಿತು. ಕೊನೆಗೆ 1877ರಲ್ಲಿ ರಿಚರ್ಡ್ ಲೈಡೆಕ್ಕರ್ ಆ ಪ್ರಾಣಿಗೆ ಟೈಟನೊಸಾರಸ್ ಇಂಡಿಕಸ್ ಎಂದು ಹೆಸರಿಟ್ಟರು. ಟೈಟನ್ನರು ಗ್ರೀಕರ ಪುರಾಣದ ದೈತ್ಯರು. ಹೀಗೆ ಇದು ‘ಭಾರತದ ದೈತ್ಯ ಹಲ್ಲಿ’. ಸಿಕ್ಕಿದ ದಿನದಿಂದ ನಾಮಕರಣದವರೆಗೆ ನಲವತ್ತೊಂಬತ್ತು ವರ್ಷ! ಉದ್ದ ಕತ್ತು, ಉದ್ದ ಬಾಲ, ಕಂಬದಂಥ ನಾಲ್ಕು ಕಾಲುಗಳ ಆ ಸಸ್ಯಾಹಾರಿಯ ಹೆಸರಿನಿಂದಲೇ ಟೈಟನೊಸಾರ್ ಎಂಬ ಒಂದು ದೊಡ್ಡ ಕುಲ ಹೆಸರು ಪಡೆಯಿತು. ಆರ್ಜೆಂಟಿನಾದಲ್ಲಿ ಸಿಕ್ಕಿರುವ, ನೆಲದ ಮೇಲೆ ನಡೆದ ಪ್ರಾಣಿಗಳಲ್ಲೆಲ್ಲ ಅತಿ ಭಾರವಾದವು ಎನಿಸಿಕೊಂಡ ಜೀವಿಗಳೂ ಆ ಕುಲದವೇ.

ಇಲ್ಲಿಂದ ನಾಗಪುರಕ್ಕೆ ಬರೋಣ. ಸ್ಕಾಟ್ಲೆಂಡಿನ ಪಾದ್ರಿ ಸ್ಟೀಫನ್ ಹಿಸ್ಲಪ್ 1845ರಲ್ಲಿ ಅಲ್ಲಿಗೆ ಬಂದರು. ಧರ್ಮಪ್ರಚಾರ ಅವರ ಕೆಲಸ. ಆದರೆ ಕಲ್ಲು ಕಂಡಲ್ಲಿ ಕಾಲು ನಿಲ್ಲುತ್ತಿತ್ತು. ಜೊತೆಗಾರ ಪಾದ್ರಿ ಹಂಟರ್ ಅವರೊಡನೆ ಅವರು ಆ ಸೀಮೆಯ ಬಂಡೆಗಳನ್ನು ಪರಿಶೀಲಿಸಿದರು. ನಾಗಪುರದ ದಕ್ಷಿಣಕ್ಕಿರುವ ಮಾಂಗ್ಲಿ ಎಂಬಲ್ಲಿಯ ಕೆಂಪು ಮರಳುಗಲ್ಲಿನಲ್ಲಿ ದೊರೆತ ಚಪ್ಪಟೆಯಾದ ಒಂದು ತಲೆಬುರುಡೆ ಲಂಡನ್ನಿಗೆ ಹೋಯಿತು. 1855ರಲ್ಲಿ ಓವನ್ ಅದನ್ನು ವರ್ಣಿಸಿ ಬ್ರಾಕಿಯಾಪ್ಸ್ ಲಾಟಿಸೆಪ್ಸ್ ಎಂದು ಕರೆದರು. ‘ಗಿಡ್ಡ ಮುಖದ, ಅಗಲ ತಲೆಯ’ ಪ್ರಾಣಿ ಎಂದು ತಾತ್ಪರ್ಯ. ಓವನ್ ಅದನ್ನು ಸರೀಸೃಪವೆಂದೇ ಬರೆದರು. ಆಗಿನ್ನೂ ಉಭಯಚರಕ್ಕೂ ಸರೀಸೃಪಕ್ಕೂ ನಡುವಣ ಗೆರೆ ಗಟ್ಟಿಯಾಗಿರಲಿಲ್ಲ. ಈಗ ಅದು ಸುಮಾರು 25 ಕೋಟಿ ವರ್ಷಗಳ ಹಿಂದಿನ ಉಭಯಚರವೆಂದು ತಿಳಿದಿದೆ. ಈ ಜಾತಿಯ ಪ್ರಾಣಿಗಳ ಹಲ್ಲನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಒಳಗೆ ಚಕ್ರವ್ಯೂಹದಂತೆ ಸುತ್ತಿ ಸುಳಿದ ಮಡಿಕೆಗಳು ಕಾಣುತ್ತವೆ. ಅದರಿಂದಲೇ ಇವುಗಳಿಗೆ ಲ್ಯಾಬಿರಿಂಥೊಡಾಂಟ್, ಚಕ್ರವ್ಯೂಹದ ಹಲ್ಲಿನವು, ಎಂಬ ಹೆಸರು ಬಂತು.

ಹಿಸ್ಲಪ್ ಅವರನ್ನು ನೆನೆಯಲು ಕನ್ನಡದವರಿಗೆ ಇನ್ನೊಂದು ಕಾರಣವಿದೆ. ಮಧ್ಯಪ್ರಾಂತದ ಗೊಂಡರ ನಡುವೆ ತಿರುಗಿ ಅವರ ಆಚಾರಗಳನ್ನೂ ನುಡಿಯನ್ನೂ ಹಾಡುಗಳನ್ನೂ ಅವರು ಬರೆದುಕೊಂಡರು. ಗೊಂಡಿ ನಮ್ಮ ಕನ್ನಡದ ಸೋದರ ನುಡಿ, ದ್ರಾವಿಡ ಕುಟುಂಬದ್ದು. 1863ರ ಸೆಪ್ಟೆಂಬರಿನಲ್ಲಿ, ಟಾಕಳಘಾಟದ ಹಳೆಯ ಶಿಲಾವೃತ್ತಗಳನ್ನು ನೋಡಿ ಹಿಂತಿರುಗುವಾಗ, ತುಂಬಿ ಹರಿಯುತ್ತಿದ್ದ ಹೊಳೆಯಲ್ಲಿ ಅವರು ಮುಳುಗಿ ತೀರಿಕೊಂಡರು. ಅವರು ಬಿಟ್ಟುಹೋದ ಕಾಗದಗಳನ್ನು ರಿಚರ್ಡ್ ಟೆಂಪಲ್ 1866ರಲ್ಲಿ ಅಚ್ಚು ಹಾಕಿಸಿದರು. ಹಾಗೆ ಮಾಡದಿದ್ದಲ್ಲಿ ಲಿಂಗೋ ಎಂಬ ತಮ್ಮ ಕುಲವೀರನನ್ನು ಕುರಿತು ಗೊಂಡರು ಹಾಡುವ ಕಥನದ ಅಷ್ಟು ಹಳೆಯ ಪಾಠ ನಮಗೆ ಸಿಕ್ಕುತ್ತಿರಲಿಲ್ಲ. ಬರೆದುಕೊಂಡವರಷ್ಟೇ ಉಪಕಾರ, ಬರೆದದ್ದನ್ನು ಉಳಿಸಿದವರದೂ ಉಂಟು.

ಗೊಂಡರ ಹೆಸರು ಅವರ ಕಾಡನ್ನು ದಾಟಿ ಬಹುದೂರ ಹೋಯಿತು. ಮಧ್ಯಭಾರತದ ಕಲ್ಲಿದ್ದಲಿನ ಪದರಗಳಿಗೆ ಭೂವಿಜ್ಞಾನಿ ಮೆಡ್ಲಿಕಾಟ್ 1872ರಲ್ಲಿ ಗೊಂಡ್ವಾನ ಎಂಬ ಹೆಸರನ್ನು ಬಳಸಿದರು. 1876ರಲ್ಲಿ ಫೈಸ್ಟ್‌ಮಾಂಟೆಲ್ ಅದನ್ನು ಅಚ್ಚಿಗೆ ತಂದರು. ವಿಯೆನ್ನಾದ ಎಡುವರ್ಡ್ ಸ್ಯೂಸ್ 1885ರಲ್ಲಿ ಅದನ್ನು ಇನ್ನೂ ಹಿಗ್ಗಿಸಿ, ಹಿಂದೊಮ್ಮೆ ಒಂದಾಗಿದ್ದ ದಕ್ಷಿಣದ ಮಹಾಭೂಖಂಡಕ್ಕೇ ಗೊಂಡ್ವಾನ ಎಂದು ಹೆಸರಿಟ್ಟರು. ಅದು ಒಂದಾಗಿತ್ತು ಎಂಬುದಕ್ಕೆ ಸಾಕ್ಷಿ ಏನು? ಜರೀಗಿಡಗಳಂಥ ಹಳೆಯ ಎಲೆಗಳ ಗುರುತು ಒಂದು ಸಾಕ್ಷಿ. ನಮ್ಮ ಉಭಯಚರ ಸರೀಸೃಪಗಳು ಇನ್ನೊಂದು. ಎಲೆಯ ಬೀಜವನ್ನು ಗಾಳಿ ಹಾರಿಸಿಕೊಂಡು ಹೋದೀತು, ಮೀನು ಈಜಿಕೊಂಡು ಹೋದೀತು. ಆದರೆ ಸಿಹಿನೀರಿನ ಉಭಯಚರ ಉಪ್ಪುನೀರಿನ ಕಡಲನ್ನು ದಾಟಲಾರದು, ಗಿಡ್ಡ ಕಾಲಿನ ನೆಲಪ್ರಾಣಿಯೂ ದಾಟಲಾರದು. ಅಂಥ ಪ್ರಾಣಿಯ ಎಲುಬು ಎರಡು ಖಂಡಗಳಲ್ಲಿ ಸಿಕ್ಕಿದರೆ, ಪ್ರಾಣಿ ಕಡಲು ದಾಟಿತೆನ್ನುವುದಕ್ಕಿಂತ ನೆಲವೇ ಬೇರೆಯಾಯಿತೆನ್ನುವುದು ಸುಲಭ.

1859ರಲ್ಲಿ ಥಾಮಸ್ ಹಕ್ಸ್‌ಲಿ ದಕ್ಷಿಣ ಆಫ್ರಿಕದಿಂದ ಬಂದ, ಕೊಕ್ಕಿನಂಥ ಬಾಯಿಯೂ ಎರಡು ಕೋರೆಹಲ್ಲುಗಳೂ ಇದ್ದ ಒಂದು ಪ್ರಾಣಿಯನ್ನು ವರ್ಣಿಸಿದ್ದರು. 1865ರಲ್ಲಿ ಬಂಗಾಳದ ರಾಣಿಗಂಜದ ಪಂಚೇತ್ ಬಂಡೆಗಳಿಂದ ಬಂದ ಎಲುಬುಗಳನ್ನು ನೋಡಿದಾಗ ಅದೇ ಬಂಧುವರ್ಗ ಅವರ ಕಣ್ಣಿಗೆ ಬಿತ್ತು. ಆ ಎಲುಬುಗಳೊಡನೆ ಚಕ್ರವ್ಯೂಹದ ಹಲ್ಲಿನ ಉಭಯಚರಗಳೂ ಇದ್ದವು. ಆ ಕೋರೆಹಲ್ಲಿನ ಪ್ರಾಣಿಗೆ ಈಗ ಲಿಸ್ಟ್ರೊಸಾರಸ್ ಎಂದು ಹೆಸರು. ಹಿಂದೆ ಅದನ್ನು ಸಸ್ತನಿಯನ್ನು ಹೋಲುವ ಸರೀಸೃಪವೆನ್ನುತ್ತಿದ್ದರು, ಇಂದಿನವರು ಸಸ್ತನಿಗಳ ಪೂರ್ವಜರ ಸಾಲಿಗೇ ಸೇರಿಸುತ್ತಾರೆ. ಭೂಖಂಡಗಳು ಸರಿದಾಡುತ್ತವೆಂದು ಆಲ್ಫ್ರೆಡ್ ವೆಗೆನರ್ 1912ರಲ್ಲಿ ಸಾರಿದಾಗ ಹಲವರು ನಕ್ಕರು. 1967ರಲ್ಲಿ ಅಂಟಾರ್ಕ್ಟಿಕದ ಬೆಟ್ಟವೊಂದರಲ್ಲಿ ನ್ಯೂಜಿಲೆಂಡಿನ ಪೀಟರ್ ಬ್ಯಾರೆಟ್ ಅವರಿಗೆ ಒಂದು ದವಡೆಯ ಚೂರು ಸಿಕ್ಕಿತು. ಅದು ಉಭಯಚರದ್ದೆಂದು ಅಮೆರಿಕದ ಎಡ್ವಿನ್ ಕೋಲ್ಬರ್ಟ್ ಗುರುತಿಸಿದರು. ಎರಡು ವರ್ಷದ ಮೇಲೆ, 1969ರಲ್ಲಿ, ಕೋಲ್ಬರ್ಟ್ ಸ್ವತಃ ಅಲ್ಲಿಗೆ ಹೋದಾಗ ಅದೇ ಬೆಟ್ಟಸಾಲಿನಲ್ಲಿ ಲಿಸ್ಟ್ರೊಸಾರಸ್ಸಿನ ಎಲುಬುಗಳೇ ದೊರೆತವು. ರಾಣಿಗಂಜ, ದಕ್ಷಿಣ ಆಫ್ರಿಕ, ಅಂಟಾರ್ಕ್ಟಿಕ: ಮೂರೂ ಕಡೆ ಒಂದೇ ಪ್ರಾಣಿ. ಅನುಮಾನ ಉಳಿಸಿಕೊಂಡಿದ್ದ ಅನೇಕರು ಆಮೇಲೆ ಸುಮ್ಮನಾದರು.

ಇಷ್ಟೆಲ್ಲ ನಡೆಯುವುದಕ್ಕೆ ಆಧಾರವಾದ ಎಲುಬುಗಳು ಎಲ್ಲಿವೆ ಎಂದು ಯಾರಾದರೂ ಕೇಳುವುದು ಸಹಜ. ಇಲ್ಲಿ ಕಥೆಯ ಇನ್ನೊಂದು ಮುಖ ಕಾಣುತ್ತದೆ. ಸ್ಲೀಮನ್ ಕಂಡ, ಲೈಡೆಕ್ಕರ್ ಹೆಸರಿಟ್ಟ ಆ ಮಣಿಗಳು ಕಲ್ಕತ್ತೆಯ ಸಂಗ್ರಹದಲ್ಲಿ ಕಣ್ಮರೆಯಾದವು. ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದ್ದ ಅಚ್ಚುಗಳೂ ಹಳೆಯ ಚಿತ್ರಗಳೂ ಮಾತ್ರ ಉಳಿದವು. ಜಬಲ್ಪುರದ ಅದೇ ಗುಡ್ಡದಲ್ಲಿ 1917ರಿಂದ ಚಾರ್ಲ್ಸ್ ಮ್ಯಾಟ್ಲಿ ಅಗೆಸಿ ತೆಗೆದ ಎಲುಬುಗಳನ್ನು ಜರ್ಮನಿಯ ಫ್ರೀಡ್ರಿಕ್ ಫಾನ್ ಹ್ಯೂನೆ ಪರಿಶೀಲಿಸಿದರು. ಇಬ್ಬರೂ ಸೇರಿ 1933ರಲ್ಲಿ ಹೊರತಂದ ದೊಡ್ಡ ಗ್ರಂಥ ಇಂದಿಗೂ ಆಕರ. ಇಂಡೊಸಾರಸ್, ಇಂಡೊಸೂಕಸ್, ಲೆವಿಸೂಕಸ್ ಮೊದಲಾದ ಮಾಂಸಾಹಾರಿ ಡೈನೊಸಾರುಗಳ ಹೆಸರು ಅದರಲ್ಲಿಯೇ ಮೊದಲು ಬಂದದ್ದು. ಆ ಗ್ರಂಥದಲ್ಲಿ ವರ್ಣಿತವಾದ ಎಷ್ಟೋ ಎಲುಬುಗಳನ್ನು ಮುಂದಿನವರು ಹುಡುಕಿದಾಗ ಅವು ಸಿಕ್ಕಲಿಲ್ಲ.

ಎಲುಬು ಹೋದರೇನು, ವರ್ಣನೆ ಇದೆಯಲ್ಲ ಎಂದು ಕೇಳಬಹುದು. ಕನ್ನಡ ಸಾಹಿತ್ಯ ಓದಿದವರಿಗೆ ಉತ್ತರ ಗೊತ್ತು. ಅಸಗನ ಕರ್ಣಾಟ ಕುಮಾರಸಂಭವವಿತ್ತೆಂದು ಬಲ್ಲೆವು, ಕಾವ್ಯ ಕೈಗೆ ಸಿಕ್ಕಿಲ್ಲ. ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶಗಳು ಹೋದವು. ಮುಂದಿನವರು ಎತ್ತಿಕೊಂಡ ಕೆಲವು ಪದ್ಯಗಳಿಂದ ಅವನ ಕವಿತಾಶಕ್ತಿಯನ್ನು ಅಳೆಯಬೇಕಾಗಿದೆ. ಹಾಗೆ ಅಳೆದದ್ದು ಎಷ್ಟು ಸರಿ ಎಂದು ಯಾರು ಹೇಳಬಲ್ಲರು? ಓಲೆ ಕೈಯಲ್ಲಿದ್ದರೆ ಮುಂದಿನ ಸಂಪಾದಕ ಹಿಂದಿನವನ ಪಾಠವನ್ನು ತಿದ್ದಬಹುದು. ಓಲೆಯೇ ಇಲ್ಲದಿದ್ದರೆ ಹಿಂದಿನವನು ಬರೆದದ್ದೇ ವೇದ, ಅವನ ತಪ್ಪೂ ವೇದ. ಪ್ರಾಣಿಯೊಂದಕ್ಕೆ ಹೆಸರಿಡುವಾಗ ಆಧಾರವಾಗಿ ಹಿಡಿದ ಎಲುಬಿಗೂ ಮೂಲಪ್ರತಿಯ ಸ್ಥಾನವೇ ಇದೆ. ಮುಂದೆ ಸಿಕ್ಕುವ ಪ್ರತಿಯೊಂದನ್ನೂ ಅದರ ಪಕ್ಕದಲ್ಲಿಟ್ಟು ಹೋಲಿಸಬೇಕು. 2003ರಲ್ಲಿ ಜೆಫ್ರಿ ವಿಲ್ಸನ್ ಮತ್ತು ಪಾಲ್ ಅಪ್‌ಚರ್ಚ್ ಟೈಟನೊಸಾರಸ್ಸಿನ ವಿಷಯವನ್ನು ಮರುಪರಿಶೀಲಿಸಿ, ಆ ಎರಡು ಮಣಿಗಳ ಲಕ್ಷಣಗಳು ಈಗ ಹಲವು ಪ್ರಾಣಿಗಳಿಗೆ ಸಮಾನವೆಂದು ತಿಳಿದಿರುವುದರಿಂದ ಆ ಹೆಸರು ಸಂದಿಗ್ಧವೆಂದು ತೀರ್ಮಾನಿಸಿದರು. ಕುಲದ ಹೆಸರು ಉಳಿಯಿತು, ಮೂಲಪುರುಷನ ಹೆಸರು ಅಲುಗಾಡಿತು. ಆ ವಿಚಾರಣೆ ನಡೆದಾಗ ಮುಖ್ಯ ಸಾಕ್ಷಿಯೇ ಕಣ್ಮರೆಯಾಗಿತ್ತು.

ಚೆನ್ನಾಗಿ ಕಾಪಾಡಿದ ಉದಾಹರಣೆಗಳೂ ನಮ್ಮಲ್ಲಿವೆ. ಸಂಖ್ಯಾಶಾಸ್ತ್ರದ ಮಹಲನೋಬಿಸ್ ಅವರು ಲಂಡನ್ನಿನ ಪಮೇಲಾ ರಾಬಿನ್ಸನ್ ಅವರನ್ನು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬರಮಾಡಿಕೊಂಡು, 1957ರಲ್ಲಿ ಭೂವಿಜ್ಞಾನದ ಶಾಖೆಯೊಂದಕ್ಕೆ ನಾಂದಿ ಹಾಡಿದರು. ಲೆಕ್ಕದ ಸಂಸ್ಥೆಗೆ ಎಲುಬಿನ ಗೊಡವೆ ಏಕೆ ಎಂದು ಕೇಳಿದವರು ಆಗಲೂ ಇದ್ದಿರಬೇಕು! ಅಲ್ಲಿನ ತರುಣ ವಿದ್ವಾಂಸರು ಪ್ರಾಣಹಿತಾ ಗೋದಾವರಿಗಳ ಕಣಿವೆಯಲ್ಲಿ ವರ್ಷಗಟ್ಟಲೆ ದುಡಿದರು. ಮಲೇರಿಯ ಕೆಂಪುಮಣ್ಣಿನಿಂದ ಮೆಟೊಪೊಸಾರಸ್ ಎಂಬ ಭಾರಿ ಉಭಯಚರದ ಎಲುಬುಗಳನ್ನು ತೆಗೆದರು. ಅದನ್ನು 1965ರಲ್ಲಿ ವರ್ಣಿಸಿದವರು ತಪನ್ ರಾಯಚೌಧುರಿ. ಪೋಚಂಪಲ್ಲಿಯ ಬಳಿ ಒಂದೇ ಕಡೆ ಸುಮಾರು 300 ಎಲುಬುಗಳು ದೊರೆತವು. ಆರು ಪ್ರಾಣಿಗಳಾದರೂ ಅಲ್ಲಿ ಬಿದ್ದಿರಬೇಕು. ತೊಡೆಯ ಎಲುಬೊಂದು 1.7 ಮೀಟರ್, ಎಂದರೆ ಆಳೆತ್ತರ. ದೊಡ್ಡ ಅಗೆತ ಆರಂಭವಾದ 1961 ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ವರ್ಷ. ಬಂಗಾಳಿಯಲ್ಲಿ ‘ಬಡಾ ಪಾ’ ಎಂದರೆ ದೊಡ್ಡ ಕಾಲು. ಹೀಗೆ 1975ರಲ್ಲಿ ಅದು ಬರಾಪಾಸಾರಸ್ ಟ್ಯಾಗೋರೈ ಆಯಿತು. ಎಲುಬುಗಳನ್ನು ಜೋಡಿಸಿ ನಿಲ್ಲಿಸಿದ ಅದರ ಅಸ್ಥಿಪಂಜರ ಆ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಸುಮಾರು 14 ಮೀಟರ್ ಉದ್ದದ ಆ ಪ್ರಾಣಿಯನ್ನು ಇಂದಿನ ವಿದ್ಯಾರ್ಥಿ ಹತ್ತಿರ ಹೋಗಿ ನೋಡಬಹುದು, ಹಿಂದಿನವರ ಮಾತು ಸರಿಯೇ ಎಂದು ಅಳೆದು ತಿಳಿಯಬಹುದು.

ಇದಕ್ಕೆ ಪ್ರತಿಯಾಗಿ ತಮಿಳುನಾಡಿನ ಕಲ್ಲಮೇಡಿನ ಕಥೆ ಇದೆ. 1980ರ ದಶಕದ ಕೊನೆಯಲ್ಲಿ ಯಾದಗಿರಿ ಮತ್ತು ಅಯ್ಯಸಾಮಿ ಎಂಬ ಇಬ್ಬರು ಭೂವಿಜ್ಞಾನಿಗಳು ಅಲ್ಲಿ ಕಂಡ ಎಲುಬುಗಳಿಗೆ ಬೃಹತ್ಕಾಯೊಸಾರಸ್ ಎಂದು ಹೆಸರಿಟ್ಟರು. ಮೊಣಕಾಲಿನ ಕೆಳಗಣ ಎಲುಬೇ ಎರಡು ಮೀಟರ್ ಉದ್ದವಿತ್ತು. ಅಷ್ಟು ದೊಡ್ಡ ಎಲುಬು ಭಾರತದಲ್ಲಿ ಬೇರೆ ಸಿಕ್ಕಿಲ್ಲ. ಆದರೆ ಮೆತ್ತಗಾಗಿದ್ದ ಆ ಎಲುಬುಗಳು ಸಾಗಿಸಲು ಸುತ್ತಿದ ಪ್ಲಾಸ್ಟರಿನ ಕವಚದೊಳಗೇ ಪುಡಿಯಾಗಿ, ಇಲಾಖೆಯ ಸಂಗ್ರಹವನ್ನು ಸೇರಲೇ ಇಲ್ಲವೆಂದು 2017ರಲ್ಲಿ ಅಯ್ಯಸಾಮಿಯವರೇ ಸಹಲೇಖಕರಾಗಿ ಬರೆದರು. ರೇಖಾಚಿತ್ರಗಳೂ ಕೆಲವು ಹಳೆಯ ಛಾಯಾಚಿತ್ರಗಳೂ ಉಳಿದಿವೆ. ಲೋಕದ ಅತಿ ದೊಡ್ಡ ಪ್ರಾಣಿಗಳ ಪಟ್ಟಿಯಲ್ಲಿ ಈ ಹೆಸರು ಈಗ ಪ್ರಶ್ನಾರ್ಥಕ ಚಿಹ್ನೆಯೊಡನೆ ಕೂತಿದೆ. ಅದರ ಶೋಧಕರನ್ನು ದೂರುವುದು ತರವಲ್ಲ. ಕೆಸರಿನಂತೆ ಮೆತ್ತಗಿರುವ ಎಲುಬನ್ನು ಅಂಟು ಕುಡಿಸಿ ಗಟ್ಟಿಮಾಡುವುದಕ್ಕೂ, ಟನ್ನುಗಟ್ಟಲೆ ಭಾರವನ್ನು ಜತನವಾಗಿ ಸಾಗಿಸುವುದಕ್ಕೂ, ಬಂದ ಮೇಲೆ ಇಡಲು ಜಾಗಕ್ಕೂ ಹಣ ಬೇಕು, ಪಳಗಿದ ಕೈ ಬೇಕು. ಶೋಧಕ್ಕೆ ಸಿಕ್ಕುವ ಹೊಗಳಿಕೆ ಉಗ್ರಾಣಕ್ಕೆ ಸಿಕ್ಕುವುದಿಲ್ಲ.

ಉಗ್ರಾಣದ ಬೆಲೆಯನ್ನು ತಿಳಿಯಬೇಕಾದರೆ ಗುಜರಾತಿನ ಧೋಲಿ ಡುಂಗ್ರಿಯ ಒಂದು ಕಲ್ಲುಹಲಗೆಯನ್ನು ನೋಡಬೇಕು. 1987ರಲ್ಲಿ ಸರ್ವೇಕ್ಷಣ ಇಲಾಖೆಯ ಧನಂಜಯ ಮೊಹಬೆ ಅದನ್ನು ವರ್ಣಿಸಿ, ಡೈನೊಸಾರಿನ ಮೊಟ್ಟೆಗಳು ಮತ್ತು ಆಗತಾನೆ ಹೊರಬಂದ ಮರಿಯ ಎಲುಬುಗಳು ಅದರಲ್ಲಿವೆಯೆಂದು ಬರೆದರು. ಹಲಗೆ ಇಲಾಖೆಯಲ್ಲಿ ಭದ್ರವಾಗಿತ್ತು. 2001ರಲ್ಲಿ ವಿಲ್ಸನ್ ಅದನ್ನು ನೋಡಿದಾಗ ಕೆಲವು ಮಣಿಗಳು ಹಾವಿನವು ಎಂದು ಹೊಳೆಯಿತು. ಕಲ್ಲನ್ನು ನಯವಾಗಿ ಕೆರೆದು ತೆಗೆದಾಗ ಮೊಟ್ಟೆಯೊಂದನ್ನು ಸುತ್ತಿಕೊಂಡು ಮಲಗಿದ ಸುಮಾರು 3.5 ಮೀಟರ್ ಉದ್ದದ ಹಾವೊಂದು ಕಾಣಿಸಿತು. ಪಕ್ಕದಲ್ಲಿ ಅರ್ಧ ಮೀಟರಿನ ಮರಿ. ಮರಿಗಾಗಿ ಹೊಂಚುಹಾಕಿದ್ದ ಹಾವು ಗೂಡಿನಲ್ಲಿಯೇ ಮಣ್ಣು ಕುಸಿದು ಮುಚ್ಚಿಹೋಗಿತ್ತು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಎಂಬ ನಮ್ಮ ಗಾದೆ ಸುಮಾರು 6.7 ಕೋಟಿ ವರ್ಷಗಳ ಹಿಂದೆ ಡೈನೊಸಾರಿನ ಗೂಡಿಗೂ ಸಲ್ಲುತ್ತಿತ್ತು. 2010ರಲ್ಲಿ ಆ ಹಾವಿಗೆ ಸಂಸ್ಕೃತದಿಂದ ಪದ ಕಟ್ಟಿ ಸನಜೆ ಇಂಡಿಕಸ್ ಎಂದು ಹೆಸರಿಟ್ಟವರಲ್ಲಿ ಮೊಹಬೆಯವರೂ ಒಬ್ಬರು. ತಾವೇ ಓದಿದ ಪಾಠವನ್ನು ಇಪ್ಪತ್ತಮೂರು ವರ್ಷದ ಮೇಲೆ ತಾವೇ ಮುಂದೆ ನಿಂತು ತಿದ್ದಿದ ವಿದ್ವಾಂಸರನ್ನು ಎಷ್ಟು ಹೊಗಳಿದರೂ ಸಾಲದು.

ಇಂಥವು ಇನ್ನೂ ಇವೆ. ಗುಜರಾತಿನ ರಾಹಿಯೋಲಿಯಲ್ಲಿ 1982ರಿಂದ 1984ರವರೆಗೆ ಸುರೇಶ್ ಶ್ರೀವಾಸ್ತವ ಕೂಡಿಟ್ಟ ಎಲುಬುಗಳಿಂದ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂಬ ಕೊಂಬುಗಾರ ಬೇಟೆಗಾರ ಹೊರಬಂದಿತು. ಕಚ್ಛದ ಪಾನಂಧ್ರೊ ಗಣಿಯಲ್ಲಿ 2005ರಲ್ಲಿ ಸಿಕ್ಕ ಮಣಿಗಳನ್ನು ಮೊದಲು ಮೊಸಳೆಯವೆಂದು ಬಗೆದಿದ್ದರು. 2024ರಲ್ಲಿ ದೇಬಜಿತ್ ದತ್ತ ಮತ್ತು ಸುನಿಲ್ ಬಾಜಪೇಯಿ ಅವು 11ರಿಂದ 15 ಮೀಟರ್ ಉದ್ದವಿದ್ದಿರಬಹುದಾದ ಹಾವಿನವೆಂದು ತೋರಿಸಿ ವಾಸುಕಿ ಇಂಡಿಕಸ್ ಎಂದು ಕರೆದರು. ಎರಡು ಕಡೆಯೂ ಎಲುಬು ಸುಮಾರು ಇಪ್ಪತ್ತು ವರ್ಷ ಕಾದಿತ್ತು. ಕಾಯುವುದಕ್ಕೆ ಅದಕ್ಕೊಂದು ಜಾಗವಿತ್ತು.

ಕೊನೆಗೆ ಕಲ್ಕತ್ತೆಗೆ ಮರಳಬೇಕು. 2012ರ ಏಪ್ರಿಲ್ 25ರಂದು ಇದೇ ಮೊಹಬೆಯವರೂ ಸುಭಾಸಿಸ್ ಸೇನ್ ಅವರೂ ಸರ್ವೇಕ್ಷಣ ಇಲಾಖೆಯ ಸಂಗ್ರಹದಲ್ಲಿ ಹುಡುಕುತ್ತಿದ್ದಾಗ ಲೈಡೆಕ್ಕರ್ ಕಾಲದ ವಸ್ತುಗಳ ನಡುವೆ ಬಾಲದ ಮಣಿಯೊಂದು ಕಾಣಿಸಿತು. ಹಳೆಯ ಚಿತ್ರದೊಡನೆ ಹೋಲಿಸಿ ನೋಡಿದರು. ಅದು ಸ್ಲೀಮನ್ ಕಂಡ ಮಣಿಯೇ ಆಗಿತ್ತು. ಭಾರತದ ಮೊದಲ ಡೈನೊಸಾರ್ ಮರಳಿ ಸಿಕ್ಕಿತೆಂಬ ವಾರ್ತೆಯನ್ನು 2013ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆ ಪ್ರಕಟಿಸಿತು. ಅದು ಕಳುವಾಗಿರಲಿಲ್ಲ, ಒಡೆದಿರಲಿಲ್ಲ. ಇದ್ದ ಮನೆಯಲ್ಲಿಯೇ ಎಲ್ಲಿದೆಯೆಂದು ಯಾರಿಗೂ ತಿಳಿಯದೆ ಬಿದ್ದಿತ್ತು. ಮನೆಯ ಅಟ್ಟದ ಮೇಲಿನ ಓಲೆಕಟ್ಟಿಗೂ ಇದಕ್ಕೂ ಎಷ್ಟು ಅಂತರ?

ನಮ್ಮ ಕರ್ನಾಟಕದ ನೆಲದಲ್ಲಿ ಇಂಥ ಎಲುಬುಗಳನ್ನು ಹುಡುಕಹೋದವರಿಗೆ ನಿರಾಶೆಯೇ ಹೆಚ್ಚು. ಇಲ್ಲಿನ ಬಂಡೆಗಳಲ್ಲಿ ಬಹುಪಾಲು ಬೆನ್ನೆಲುಬಿನ ಪ್ರಾಣಿ ಹುಟ್ಟುವುದಕ್ಕೆ ಬಹಳ ಮೊದಲಿನವು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳ ಕಡೆ ಹರಡಿರುವ ಕಪ್ಪುಕಲ್ಲು ಮಾತ್ರ ಡೈನೊಸಾರುಗಳ ಕೊನೆಗಾಲದಲ್ಲಿ ಹರಿದ ಲಾವಾ. ಅದೇ ಲಾವಾ ಹರಹಿನ ಪಶ್ಚಿಮದ ಅಂಚಿನಲ್ಲಿ, ಮುಂಬಯಿಯ ವರ್ಲಿ ಗುಡ್ಡದಲ್ಲಿ, ಎರಡು ಪದರಗಳ ನಡುವಣ ಕೆಸರುಗಲ್ಲಿನಲ್ಲಿ ಪುಟ್ಟ ಕಪ್ಪೆಗಳು ಅಚ್ಚೊತ್ತಿದಂತೆ ಉಳಿದಿದ್ದವು. 1847ರಲ್ಲಿ ಅವನ್ನು ವರ್ಣಿಸಿದವರೂ ಓವನ್ನರೇ. ಈಗ ಅವಕ್ಕೆ ಇಂಡೊಬಾಟ್ರಾಕಸ್ ಎಂದು ಹೆಸರು. ಬೆಂಕಿ ಹರಿದ ಎರಡು ಕಾಲಗಳ ನಡುವಣ ಬಿಡುವಿನಲ್ಲಿ, ಕೆರೆಯೊಂದು ತುಂಬಿ, ಅದರಲ್ಲಿ ಕಪ್ಪೆಗಳು ವಟಗುಟ್ಟಿದ್ದವು ಎಂಬುದು ಆ ಪುಟ್ಟ ಎಲುಬುಗಳಿಲ್ಲದಿದ್ದರೆ ಯಾರಿಗೆ ತಿಳಿಯುತ್ತಿತ್ತು?

2022ರ ಕೊನೆಯಲ್ಲಿ ಕೇಂದ್ರದ ಗಣಿ ಮಂತ್ರಾಲಯ ಭೂಪರಂಪರೆಯ ತಾಣಗಳನ್ನೂ ಅವಶೇಷಗಳನ್ನೂ ಕಾಪಾಡುವುದಕ್ಕಾಗಿ ಒಂದು ಕರಡು ಮಸೂದೆಯನ್ನು ಸಾರ್ವಜನಿಕರ ಮುಂದಿಟ್ಟಿತು. ಕಾಯಿದೆ ಬೇಕು, ಅದರ ಜೊತೆಗೆ ಹೆಸರಚೀಟಿ ಅಂಟಿಸುವ, ಪಟ್ಟಿ ಬರೆಯುವ, ಮಳೆನೀರು ಒಳಬಾರದಂತೆ ನೋಡಿಕೊಳ್ಳುವ ಜನರೂ ಬೇಕು. ಅಂಥವರ ಹೆಸರಿನಲ್ಲಿ ಯಾವ ಪ್ರಾಣಿಗೂ ನಾಮಕರಣವಾಗುವುದಿಲ್ಲ. ಆದರೆ ಜಬಲ್ಪುರದ ಆ ಬಾಲದ ಮಣಿಯ ಪಕ್ಕದಲ್ಲಿ ಒಂದು ನೆಟ್ಟಗಿನ ಪಟ್ಟಿ ಇದ್ದಿದ್ದರೆ, ಅದನ್ನು ಎರಡನೆಯ ಸಲ ಕಂಡುಹಿಡಿಯಬೇಕಾದ ಪ್ರಸಂಗ ಬರುತ್ತಿರಲಿಲ್ಲ.